ಭಾವನ ಬಿದಿರು ಕತ್ತಿ

ಷೂ ಅಂಗಡಿಯಲ್ಲಿ ಮಂಡಿಯೂರಿ ಗಿರಾಕಿಗಳಿಗೆ ಷೂ ತೊಡಿಸುವ ನಮ್ಮ ಭಾವ, ದೂರದಿಂದಲೇ ಯಾರ ಪಾದದ ಅಳತೆಯನ್ನಾದರೂ ಹೇಳಿಬಿಡುವ ಆಸಾಮಿ. ಆದರೆ ಕೆಂಡೊ ಎಂಬ ಜಪಾನಿ ಕತ್ತಿವರಸೆಯ ತರಗತಿಗೆ ಸೇರಿದ ಮೇಲೆ ತಮ್ಮ ಪಾದಗಳದ್ದೇ ಗುರುತು ಸಿಗದೆ ಒದ್ದಾಡುತ್ತಿದ್ದಾರೆ. ಸಂಜೆ ಮನೆಗೆ ಬಂದವರೇ ನಡುಮನೆಯಲ್ಲಿ ಬಿದಿರು ಕತ್ತಿ ಎತ್ತುತ್ತಾರೆ. ಬಲಗಾಲು ಮುಂದೆ ಹೋಗಬೇಕು, ಎಡಗಾಲು ಓಡಿರುತ್ತದೆ. "ಶಕ್ತಿಯೆಲ್ಲ ಎಡಗೈದಂತೆ, ಬಲಗೈ ಬರೀ ದಾರಿ ತೋರಿಸ್ಬೇಕಂತೆ" ಎಂದು ಗೋಡೆಗೆ ಪಾಠ ಒಪ್ಪಿಸುತ್ತಾರೆ, ಬಲಗೈಯಲ್ಲೇ ಬೀಸುತ್ತಾರೆ. ಫ್ಯಾನಿನ ರೆಕ್ಕೆ ಸೊಟ್ಟಗಾದ ದಿನ ಅಕ್ಕ, "ಕೂತ್ಕೊಂಡು ಬೀಸ್ರಿ, ಇದ್ದೊಂದು ಫ್ಯಾನಾದ್ರೂ ಉಳೀಲಿ" ಎಂದು ಗದರಿದಳು. ಗುರುಗಳೂ ಒಪ್ಪಿದರು: ಮಂಡಿಯೂರಿಯೂ ಬೀಸಬಹುದು, ನಿಮ್ಮಷ್ಟೇ ಎತ್ತರದ ಎದುರಾಳಿ ಮುಂದಿದ್ದಾನೆ ಅಂದುಕೊಂಡರಾಯಿತು. ಅಲ್ಲಿಂದ ಹೊಸ ಪೀಕಲಾಟ. ಭಾವ ಮಂಡಿಯೂರುತ್ತಾರೆ, ಕತ್ತಿ ನೆತ್ತಿಯ ಮೇಲಕ್ಕೆತ್ತುತ್ತಾರೆ, ಹಾಗೇ ಕಲ್ಲಾಗಿಬಿಡುತ್ತಾರೆ. "ಹೊಡೀರಿ ಭಾವ, ಯೋಚನೆ ಯಾಕೆ?" ಎಂದೆ ನಿನ್ನೆ. ಅವರು ಕತ್ತಿಯನ್ನು ಮೆಲ್ಲಗೆ ನೆಲದ ಮೇಲಿಟ್ಟರು. "ಹೇಗೆ ಹೊಡೀಲೋ? ನನ್ನಷ್ಟೇ ಎತ್ತರ ಅಂದ್ರೆ ಅವನೂ ಮಂಡಿಯೂರಿದಾನೆ ಅಂತಾಯ್ತಲ್ಲ. ಬೆಳಗಿಂದ ಯಾರ್ಯಾರ ಕಾಲ ಹತ್ರ ಹೀಗೇ ಕೂತು ಬಂದಿದಾನೋ ಏನೋ, ಪಾಪ."