ಬೀಗದ ತೂತಿದ್ದ ಶವಪೆಟ್ಟಿಗೆ

ನಮ್ಮ ಶಾವ್ ಕೇ ವಾನ್ ಊರಿನ ಬಡಗಿ ಲಾಯ್ ಕಮ್ ಕಳ್ಳನಲ್ಲ. ಆ ಮಾತನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಜಪಾನಿನ ಸೇನೆ ಹಾಂಗ್‌ಕಾಂಗ್ ಹಿಡಿದು ಬಿಳಿಯ ದೊರೆಗಳನ್ನೆಲ್ಲ ಸೆರೆ ಶಿಬಿರಕ್ಕೆ ತಳ್ಳಿದ ಮೇಲೆ, ಗುಡ್ಡದ ಖಾಲಿ ಬಂಗಲೆಗಳಿಗೆ ಊರಿಗೆ ಊರೇ ಹತ್ತಿತು. ಸೈನಿಕರು ಪಿಯಾನೊ ಹೊತ್ತರೆ ಅದು ಮುಟ್ಟುಗೋಲು. ನಾವು ಕಿಟಕಿ ಕಿತ್ತರೆ ಕಳ್ಳತನ. ಸೌದೆಯಿಲ್ಲದೆ ಅನ್ನ ಬೇಯುವುದಿಲ್ಲವೆಂದು ಕಾಯಿದೆಗೆ ಯಾರೂ ಹೇಳಿರಲಿಲ್ಲ. ಉಳಿದವರು ಕೊಡಲಿಯಿಂದ ಒಡೆದರು. ಲಾಯ್ ಕಮ್ ಮಾತ್ರ ಒಂದೊಂದೇ ತಿರುಪು ಬಿಚ್ಚಿ, ಚೌಕಟ್ಟಿಗೆ ಗೀರೂ ಬೀಳದಂತೆ ತೇಗದ ಜೋಡಿ ಬಾಗಿಲು ತಂದ.

ಅದು ಒಲೆಗಲ್ಲ, ಅವ್ವನಿಗೆ. ಆ ವರ್ಷ ಹಸಿವಿನಿಂದ ಸತ್ತ ಅವನ ಅಪ್ಪನನ್ನು ಚಾಪೆಯಲ್ಲಿ ಸುತ್ತಿ ಹೆಣದ ಗಾಡಿಗೆ ಎಸೆದಿದ್ದರು. ಅಂದಿನಿಂದ ಮುದುಕಿಯದು ಒಂದೇ ಹಟ: “ನನ್ನ ಹಂಗೆ ಕಳಿಸ್ಬ್ಯಾಡ ಕಣೋ.” ಮಗ ಶವಪೆಟ್ಟಿಗೆ ಮಾಡಿಕೊಟ್ಟ. ಮುಚ್ಚಳದಲ್ಲಿ ಬೀಗದ ತೂತು ಉಳಿಯಿತು. “ಇರ್ಲಿ ಬಿಡು, ಗಾಳಿ ಆಡ್ತದೆ” ಎಂದಳು. ಪೆಟ್ಟಿಗೆ ಬಂದದ್ದೇ ತಡ, ಸಾಯುವ ಯೋಚನೆ ಬಿಟ್ಟು ಅದರಲ್ಲಿ ಗೆಣಸು ತುಂಬಿಟ್ಟಳು.

ಯುದ್ಧ ಮುಗಿಯಿತು. ಆ ತೇಗದ ಬಾಗಿಲಿದ್ದ ಬಂಗಲೆಯ ಹ್ಯಾರಪ್ ದೊರೆ ಶಿಬಿರದಿಂದ ಎಲುಬಿನ ಗೂಡಾಗಿ ಹೊರಬಂದ. ಜಪಾನೀಯರಿಗೂ ಅದೇ ಬೂಟಿನಲ್ಲಿ ಸಲಾಮು ಹೊಡೆದಿದ್ದ ಪೊಲೀಸ್ ಫುಂಗ್ ಈಗ ದೊರೆಯ ಬೆನ್ನಿಗಿದ್ದ. ಬಂಗಲೆಯಲ್ಲಿ ಗೀರಿಲ್ಲದ ಚೌಕಟ್ಟು ನೋಡಿಯೇ ಫುಂಗನಿಗೆ ಇದು ಯಾರ ಕೈಕೆಲಸವೆಂದು ತಿಳಿಯಿತು. ಅಚ್ಚುಕಟ್ಟಾಗಿ ಕೆಲಸ ಮಾಡಿದ್ದಕ್ಕೆ ಸಿಕ್ಕ ಬಹುಮಾನ! ಇಬ್ಬರೂ ನೇರ ಬಡಗಿಯ ಮನೆಯಂಗಡಿಗೆ ಬಂದರು. ಮುದುಕಿ ಗೆಣಸು ಹೊರಗೆಸೆದು ಪೆಟ್ಟಿಗೆಯಲ್ಲಿ ಮಲಗಿಬಿಟ್ಟಳು.

“ಏಳಜ್ಜಿ, ಇದು ದೊರೆಗಳ ಬಾಗ್ಲು” ಎಂದ ಫುಂಗ್.

“ಮೊದ್ಲು ನಿಮ್ಮವ್ವನ್ನ ದೊರೆಗಳ ಬೆತ್ತದ ಕುರ್ಚಿಯಿಂದ ಏಳ್ಸೋ. ಆಮ್ಯಾಲೆ ನಾನೂ ಏಳ್ತೀನಿ.”

ಫುಂಗನಿಗೆ ಕೆಮ್ಮು ಬಂತು. ಲಾಯ್ ಕಮ್ ತಲೆ ಎತ್ತಲಿಲ್ಲ. ಪಕ್ಕದ ಮನೆಯವನಾದ ನಾನು ಉರುಳಿದ ಗೆಣಸು ಆಯ್ದು ಬದಿಗಿಟ್ಟೆ.

ಹ್ಯಾರಪ್ ಬೀಗದ ತೂತಿನ ಮೇಲೆ ಬೆರಳಿಟ್ಟು ನಿಂತ. ನಮ್ಮ ಮಾತು ಅವನಿಗೆ ಚೆನ್ನಾಗಿಯೇ ಬರುತ್ತಿತ್ತು.

“ಶಿಬಿರದಲ್ಲಿ ನಮಗೆಲ್ಲ ಸೇರಿ ಒಂದೇ ಪೆಟ್ಟಿಗೆ ಅಜ್ಜಿ. ತಳ ತೆಗೆದು ಹೆಣ ಗುಂಡಿಗೆ ಬಿಡ್ತಿದ್ವಿ, ಪೆಟ್ಟಿಗೆ ವಾಪಸ್ ತರ್ತಿದ್ವಿ. ನನ್ನ ಹೆಂಡ್ತೀನೂ ಹಂಗೇ ಹೋದ್ಲು. ಇದು ನಿಮ್ಮತ್ರಾನೇ ಇರ್ಲಿ.”

ಮುದುಕಿ ಎದ್ದು ಕೂತಳು. ಅವನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಮಗನನ್ನು ಗದರಿದಳು:

“ಏನ್ ನೋಡ್ತಾ ನಿಂತಿದ್ದೀಯೋ? ಪೆಟ್ಟಿಗೆಗೆ ದೊರೆಗಳ ಅಳತೆ ತಗೋ. ಮಂಚದ ಕೆಳಗೆ ಅವರದೇ ಇನ್ನೊಂದು ಜೋಡಿ ಬಾಗ್ಲು ಐತಲ್ಲ!”