ಝಟಕಾ ಬೇಲಿಯ ಮಾರ್ಗರೀಟಾ

ಬೆಳಕು ಹರಿಯುವ ಹೊತ್ತು. ಹಳಿಯಾಳದ ಕಾಡಂಚಿನ ಗೋವಿನಜೋಳದ ಹೊಲದಲ್ಲಿ ಮಾರ್ಗರೀಟಾ ಸಿದ್ದಿ ಟೆಸ್ಟರಿನ ಒಂದು ಕಡ್ಡಿಯನ್ನು ನೆಲಕ್ಕೆ ಚುಚ್ಚಿ, ಇನ್ನೊಂದನ್ನು ಸೋಲಾರ್ ಬೇಲಿಯ ತಂತಿಗೆ ತಾಗಿಸುತ್ತಾರೆ. ದೀಪ ಹತ್ತುವುದೇ ಇಲ್ಲ. ಹಿಂದೆ ನಿಂತ ಹೊಲದ ಯಜಮಾನ ಇಮಾಮಸಾಬರ ಹೆಗಲ ಮೇಲೆ ವೈರಿನ ಸುರುಳಿಯಿದೆ, ಮುಖದಲ್ಲಿ ಸಿಟ್ಟಿದೆ. ರಾತ್ರಿ ಹಂದಿಗಳು ಮತ್ತೆ ನುಗ್ಗಿವೆ.

"ಸಾಕವಾ ನಿನ್ನ ಸೋಲಾರು! ಇವತ್ತ ಮೋಟರಿನ ಲೈನ ಎಳದು ಬೇಲಿಗೆ ಕೊಡ್ತೇನಿ. ಮುಟ್ಟಿದ್ದು ಅಲ್ಲೇ ಸಾಯ್ಲಿ."

"ಚಾಚಾ, ಕತ್ತಲದಾಗ ಮುಟ್ಟೂದು ಹಂದಿ ಒಂದ ಏನ್ರಿ? ಕಟ್ಟಿಗಿಗೆ ಹೋಗೋ ಹೆಣ್ಮಕ್ಕಳು ಇದ ದಾರಿ ಹಿಡೀತಾರ. ನನ್ನ ಮಗಳು ರೀನಾನೂ ಬರ್ತಾಳ. ಒಂದೀಟು ತಡೀರಿ."

ಬೇಲಿಯ ಕೆಲಸ ನೋಡಿ ಬರೆಯಲು ಬಂದ ನಾನು ವೈರಿನ ಸುರುಳಿಯಿಂದ ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ. ಮಾರ್ಗರೀಟಾ ಮಾತ್ರ ಬೇಲಿಗುಂಟ ನಡೆಯತೊಡಗುತ್ತಾರೆ. ಹಿಂದೊಮ್ಮೆ ಕಂಬಕ್ಕೆ ಗುಂಡಿ ತೋಡುವ ಕೂಲಿಗೆ ಹೋದವರು, ತಂತಿ ಎಳೆಯುವವರ ಕೈ ನೋಡುತ್ತ ನೋಡುತ್ತ ಈ ಕೆಲಸ ಕಲಿತರು. ಈಗ ಸುತ್ತಲ ಹೊಲಗಳ ಬೇಲಿಗೆಲ್ಲ ಇವರೇ ಡಾಕ್ಟರು. ಬೇಲಿ ಸರಿಯಿದ್ದಷ್ಟು ದಿನ ಇವರನ್ನು ಕೇಳುವವರೇ ಇಲ್ಲ, ಹಂದಿ ನುಗ್ಗಿದರೆ ಮಾತ್ರ ಬೈಗುಳ ತಪ್ಪಿದ್ದಲ್ಲ!

ತಂತಿಗೆ ಕರೆಂಟಿನ ಹೊಡೆತ ಕೊಡುವ ಮೂಲೆಯ ಝಟಕಾ ಮಶೀನು ಟಕ್ ಟಕ್ ಎನ್ನುತ್ತಲೇ ಇದೆ. ಹಾಗಿದ್ದರೆ ತಂತಿಯಲ್ಲೇಕೆ ಜೀವವಿಲ್ಲ?

"ಕರೆಂಟು ಹೊಂಟಲ್ಲಿಗೆ ತಿರುಗಿ ಬರಬೇಕ್ರಿ," ಎಂದು ಮಾರ್ಗರೀಟಾ ನನಗೆ ತಿಳಿಹೇಳುತ್ತಾರೆ. "ಮಶೀನದಿಂದ ತಂತಿಗೆ, ತಂತಿಯಿಂದ ಹಂದಿ ಮೈಗೆ, ಮೈಯಿಂದ ಮಣ್ಣಿಗೆ. ಮಣ್ಣಾಗಿನ ಸರಳು ಹಿಡದು ಮತ್ತ ಮಶೀನಕ್ಕ. ನಡುವ ಒಂದು ಕಡೆ ಕಡೀತು ಅಂದ್ರ ಮುಗೀತು, ಹಂದಿ ಆರಾಮ ಒಳಗ ಬರತೈತಿ."

ಕಡಿದದ್ದು ಮಣ್ಣಿನ ಕಡೆಯೇ. ಸರಳಿನ ಸುತ್ತ ತೇವ ನಿಲ್ಲಲೆಂದು ಇದ್ದಿಲು, ಉಪ್ಪು ಹಾಕಿ ಮುಚ್ಚಿದ್ದ ಗುಂಡಿ ಕೆದರಿ ಹೋಗಿದೆ. ವೈರು ಕಿತ್ತು ಬಿದ್ದಿದೆ. ಸುತ್ತಲೂ ಗೊರಸಿನ ಗುರುತು, ಪಕ್ಕದಲ್ಲೇ ಹಸಿ ಸಗಣಿ.

"ಚಾಚಾ, ಉಪ್ಪಿನ ಮಣ್ಣು ನೆಕ್ಕಾಕ ಬಂದಾಕಿ ನಿಮ್ಮ ಎಮ್ಮೀರಿ! ಹಂದೀಗೆ ಬಾಗಿಲ ತಗದಾಕಿನೂ ಆಕಿನ."

ಇಮಾಮಸಾಬರು ಬಗ್ಗಿ ಗೊರಸಿನ ಗುರುತು ನೋಡುತ್ತಾರೆ. ಮಾರ್ಗರೀಟಾ ವೈರನ್ನು ಸರಳಿಗೆ ಬಿಗಿದು, ಕೊಡ ನೀರು ಸುರಿದು, ಮೇಲೆ ಕಲ್ಲು ಹೇರುತ್ತಾರೆ. ಟೆಸ್ಟರಿನ ದೀಪ ಹತ್ತಿದರೂ ನಂಬದ ಇಮಾಮಸಾಬರು ತಂತಿಗೆ ಬೆರಳು ತಾಗಿಸುತ್ತಾರೆ. "ಯಾ ಅಲ್ಲಾ!" ಎಂದು ಮಾರು ದೂರ ಜಿಗಿಯುತ್ತಾರೆ. ನಗು ತಡೆಯಲು ನನ್ನಿಂದಾಗುವುದಿಲ್ಲ.

"ಇದು ಒಂದ ಸಲ ಬಡದು ಕೈ ಬಿಡತೈತ್ರಿ. ನಿಮ್ಮ ಮೋಟರ ಲೈನ ಹಿಡದ್ರ ಬಿಡಂಗಿಲ್ಲ."

ಕೈ ಜಾಡಿಸುತ್ತಲೇ ಇಮಾಮಸಾಬರು ಹೆಗಲಿನ ಸುರುಳಿಯನ್ನು ಆಕೆಗೆ ಕೊಡುತ್ತಾರೆ. "ಒಯ್ಯಿ ಬೇಟಿ. ಅರಿವಿ ಒಣಗಾಕ ಹಗ್ಗ ಮಾಡ್ಕೋ."

ನಿಮಗೇನು ಆಸೆ ಎಂದು ನಾನು ಮಾರ್ಗರೀಟಾರನ್ನು ಕೇಳುತ್ತೇನೆ. ಅವರು ಸೆರಗಿನಿಂದ ಕೈಯ ಮಣ್ಣು ಒರೆಸಿಕೊಳ್ಳುತ್ತಾರೆ.

"ಬೆಳಿಗ್ಗೆ ನಾ ಬಂದಾಗ ಬೇಲಿ ಹತ್ರ ಯಾರೂ ಬಿದ್ದಿರಬಾರದ್ರಿ. ಹಂದೀನೂ."