ಸೋಮವಾರ ಹಿಡಿಯುವ ಗಾಲಿ

ನಮ್ಮ ಬ್ಯಾಟರಿ ಕಾರಿಗೆ ಒಂದು ಕಾಯಿಲೆ ಇತ್ತು. ವಾರವೆಲ್ಲ ಸರಿಯಾಗಿ ಓಡುವ ಕಾರು ಸೋಮವಾರ ಬೆಳಿಗ್ಗೆ ಮಾತ್ರ ಹೊರಡಲು ಒಪ್ಪುತ್ತಿರಲಿಲ್ಲ. ಹಿಂದಿನ ಎಡಗಡೆಯ ಗಾಲಿ ಬಿಗಿಯಾಗಿ ಹಿಡಿದುಕೊಂಡು, ಅಂಗಳದ ಮಣ್ಣಿನಲ್ಲಿ ಗೀರು ಎಳೆಯುತ್ತಾ ಜಾರುತ್ತಿತ್ತೇ ಹೊರತು ತಿರುಗುತ್ತಿರಲಿಲ್ಲ. ಹಿಂದೆ ಮುಂದೆ ನಾಲ್ಕೈದು ಸಲ ಜಗ್ಗಾಡಿದ ಮೇಲೆ ಟಕ್ ಎಂದು ಬಿಡುತ್ತಿತ್ತು.

"ಸೋಮಾರ ಇದ್ಕೂ ಒಪ್ಪತ್ತಾ ಮಾರಾಯ್ತಿ?" ಎಂದು ಅಬ್ಬಿ ಕೇಳುತ್ತಿದ್ದಳು.

ಅಬ್ಬಿ ಎಂದರೆ ನನ್ನ ತಾಯಿ. ನಮ್ಮ ಕಡೆ ಸೋಮವಾರ ಒಪ್ಪೊತ್ತು ಮಾಡುವವರು, ಮೀನು ಮುಟ್ಟದವರು ಬಹಳ. ಮೀನು ಮಾರುವ ಅಬ್ಬಿಗೆ ಆ ದಿನದ ಮೇಲೆ ಮೊದಲಿನಿಂದಲೂ ಒಂದು ಸಣ್ಣ ಸಿಟ್ಟು. ಈಗ ಕಾರೂ ಆ ಕಡೆ ಸೇರಿಕೊಂಡಿತಲ್ಲ ಎಂದು ಅವಳಿಗೆ ತಮಾಷೆ.

ನಾನು ವಂಡ್ಸೆಯ ಒಂದು ಶಾಲೆಯಲ್ಲಿ ಟೀಚರು. ಮನೆ ತ್ರಾಸಿಯಲ್ಲಿ, ಮನೆಯಲ್ಲಿ ನಾವಿಬ್ಬರೇ. ಅಬ್ಬಿ ಬೆಳಕು ಹರಿಯುವ ಮೊದಲೇ ರಿಕ್ಷಾದಲ್ಲಿ ಗಂಗೊಳ್ಳಿ ಬಂದರಿಗೆ ಹೋಗಿ, ಮೀನು ಕೊಂಡು, ಏಳೂವರೆಯ ಹೊತ್ತಿಗೆ ಬುಟ್ಟಿಯೊಂದಿಗೆ ಮನೆಗೆ ಬರುತ್ತಿದ್ದಳು. ಅವಳು ಮೀನು ಮಾರುವುದೂ ವಂಡ್ಸೆಯಲ್ಲೇ. ಒಂದೇ ಊರಿಗೆ ಒಬ್ಬಳು ಪುಸ್ತಕ ಹೊತ್ತು, ಒಬ್ಬಳು ಬುಟ್ಟಿ ಹೊತ್ತು ಎಷ್ಟೋ ವರ್ಷ ಬಸ್ಸಿನಲ್ಲಿ ಹೋದೆವು. ಅಬ್ಬಿಯ ಮೊಣಕಾಲು ಕೈಕೊಟ್ಟ ಮೇಲೆ ಬಸ್ಸಿನ ಮೆಟ್ಟಿಲು ಅವಳಿಗೆ ಕೊಡಚಾದ್ರಿಯಾಯಿತು. ಆಗ ನಾನು ಕಾರು ತೆಗೆದುಕೊಳ್ಳುವ ಮನಸ್ಸು ಮಾಡಿದೆ. ಎರಡು ಸಾವಿರದ ಹದಿನಾಲ್ಕನೆಯ ಇಸವಿಯ ಆಚೀಚೆ. ಕ್ಲಚ್ಚು, ಗೇರು ನನ್ನ ಕೈಕಾಲಿಗೆ ಒಗ್ಗಲೇ ಇಲ್ಲ. ಡ್ರೈವಿಂಗ್ ಕಲಿಸಲು ಬಂದವರು ಎರಡೇ ವಾರಕ್ಕೆ, "ಮೇಡಂ, ನಿಮಗೆ ಗೇರಿಲ್ಲದ್ದೇ ಆಗಬೇಕು" ಎಂದು ಕೈ ಮುಗಿದರು. ಹಾಗೆ ಬಂದದ್ದು ಈ ಬ್ಯಾಟರಿ ಕಾರು.

ಗ್ರೈಂಡರಿಗೆ ಇದ್ದ ಪ್ಲಗ್ಗಿನಲ್ಲಿ ಕಾರು ಚಾರ್ಜಿಗೆ ಹಾಕಿದರೆ ಆ ದಿನ ದೋಸೆಹಿಟ್ಟು ಮೊದಲೇ ರುಬ್ಬಿಟ್ಟುಕೊಳ್ಳಬೇಕು. ಕಾರಿಗೆ ಸದ್ದೇ ಇಲ್ಲದ್ದರಿಂದ ಹೆಮ್ಮಾಡಿಯ ಒಳರಸ್ತೆಯಲ್ಲಿ ಕೋಳಿ, ನಾಯಿ, ಮನುಷ್ಯರು ಯಾರೂ ದಾರಿ ಬಿಡುತ್ತಿರಲಿಲ್ಲ. ಅಬ್ಬಿ ಕಿಟಕಿಯಿಂದ ತಲೆ ಹೊರಗೆ ಹಾಕಿ "ಹ್ವಾಯ್!" ಎಂದು ಕೂಗುತ್ತಿದ್ದಳು. ನಲವತ್ತು ವರ್ಷ ಮೀನು ಮಾರಿದ ಗಂಟಲು ಅದು, ಕಂಪನಿಯ ಹಾರನ್ನು ಅದರ ಮುಂದೆ ಏನೂ ಅಲ್ಲ. ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕುಳಿತ ಅಬ್ಬಿಯನ್ನು ಕಂಡರೆ ನನಗೆ ಎಷ್ಟು ಖುಷಿಯಾಗುತ್ತಿತ್ತೆಂದರೆ, ಗಾಲಿಯ ಕಾಯಿಲೆಯನ್ನೂ ಮೊದಮೊದಲು ಪ್ರೀತಿಯಿಂದಲೇ ಸಹಿಸಿದೆ.

ಕಾರಿಗೆ ಮೂರು ವರ್ಷದ ವಾರಂಟಿ. ಸರ್ವಿಸ್ ಸೆಂಟರು ಬ್ರಹ್ಮಾವರದಲ್ಲಿ, ಹೆದ್ದಾರಿಯ ಬದಿಯಲ್ಲಿ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೆ ಹೋಗುತ್ತಿದ್ದೆ. ತೊಂದರೆ ಏನೆಂದರೆ, ಅಲ್ಲಿಯವರೆಗೆ ಓಡಿಸಿಕೊಂಡು ಹೋದ ಕಾರಿನ ಗಾಲಿ ಅಲ್ಲಿ ಚೆನ್ನಾಗಿಯೇ ತಿರುಗುತ್ತಿತ್ತು. ದೋಷ ಇದ್ದಾಗ ಕಾರು ಹೋಗುವುದಿಲ್ಲ, ಕಾರು ಹೋದಾಗ ದೋಷ ಇರುವುದಿಲ್ಲ. ಅಲ್ಲಿಯ ಇಂಜಿನಿಯರು ದಾವಣಗೆರೆ ಕಡೆಯವರು, ತಾಳ್ಮೆಯ ಮನುಷ್ಯ. ಮೊದಲ ಸಲ ಬ್ರೇಕ್ ಶೂ ಬದಲಾಯಿಸಿದರು. ಎರಡನೆಯ ಸಲ ಡ್ರಮ್ಮು. ಮೂರನೆಯ ಸಲ ಹ್ಯಾಂಡ್‌ಬ್ರೇಕಿನ ಕೇಬಲ್ಲು. ಒಂದೂವರೆ ತಿಂಗಳು ಆರಾಮ, ಆಮೇಲೆ ಒಂದು ಸೋಮವಾರ ಮತ್ತೆ ಗಾಲಿ ಹಿಡಿಯುತ್ತಿತ್ತು. ಅಂಗಳ ಇಳಿಜಾರು, ಹ್ಯಾಂಡ್‌ಬ್ರೇಕ್ ಹಾಕದೆ ನನಗೂ ಗತಿಯಿಲ್ಲ; ಶನಿವಾರ ಸಂಜೆ ಹಾಕಿದ್ದನ್ನು ಸೋಮವಾರ ಬೆಳಿಗ್ಗೆಯೇ ತೆಗೆಯುವುದು.

"ಕೇಬಲ್ ತುಕ್ಕು ಹಿಡೀತಿದೆ ಮೇಡಂ. ಹೊಸ ಕೇಬಲ್! ಹೇಗೆ ಅಂತ ಗೊತ್ತಾಗ್ತಿಲ್ಲ. ಹಿಂದೆ ಏನಾದ್ರೂ ಸಾಮಾನು ಹಾಕ್ತೀರಾ?" ಎಂದು ಅವರು ಕೇಳಿದರು.

"ಮಕ್ಕಳ ನೋಟ್‌ಪುಸ್ತಕ," ಎಂದೆ.

ಅವರು ಕಾರಿನ ಸರ್ವಿಸ್ ಕಾರ್ಡಿನಲ್ಲಿ ಹಾಗೆಯೇ ಬರೆದುಕೊಂಡರು.

ಸುಳ್ಳು ಅಂತ ಹೇಳಲಾಗದು, ನೋಟ್‌ಪುಸ್ತಕವೂ ಇರುತ್ತಿತ್ತು, ಹಿಂದಿನ ಸೀಟಿನ ಮೇಲೆ. ಆದರೆ ಅದರ ಹಿಂದಿನ ಡಿಕ್ಕಿಯಲ್ಲಿ ಇರುತ್ತಿದ್ದದ್ದು ಅಬ್ಬಿಯ ಬುಟ್ಟಿ. ಕೆಳಗೆ ಪ್ಲಾಸ್ಟಿಕ್ ಹಾಸಿದರೂ ಐಸು ಕರಗಿದ ಉಪ್ಪುನೀರು ಎಲ್ಲಿಂದಲಾದರೂ ಇಳಿಯುತ್ತಿತ್ತು. ವಾರಂಟಿಯ ಪುಸ್ತಕವನ್ನು ನಾನು ಟೀಚರ ಹಾಗೆ ಗೆರೆ ಎಳೆದು ಓದಿದ್ದೆ. ಉಪ್ಪು ಮತ್ತು ತುಕ್ಕು ಹಿಡಿಸುವ ವಸ್ತುಗಳಿಂದ ಆದ ಹಾನಿಗೆ ಕಂಪನಿ ಹೊಣೆಯಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಬುಟ್ಟಿಯ ವಿಷಯ ಬಾಯಿಬಿಟ್ಟರೆ ವಾರಂಟಿ ಹೋಯಿತು; ವಾರಂಟಿ ಹೋದರೆ ಬುಟ್ಟಿ ಕಾರಿನಿಂದ ಇಳಿಯಬೇಕು; ಬುಟ್ಟಿ ಇಳಿದರೆ ಅಬ್ಬಿಯೂ ಅದರ ಹಿಂದೆ ಬಸ್ಸಿಗೆ. ಇದು ನನ್ನ ಲೆಕ್ಕ. ಹಾಗಾಗಿ ಪ್ರತಿ ಸಲ ಬ್ರಹ್ಮಾವರಕ್ಕೆ ಹೋಗುವ ಮೊದಲು ಡಿಕ್ಕಿಯನ್ನು ನಿಂಬೆಹಣ್ಣು, ಸೋಪು, ಫಿನಾಯಿಲು ಹಾಕಿ ತಿಕ್ಕಿ, ಮೇಲೆ ಹೊಸ ಮ್ಯಾಟು ಹಾಸುತ್ತಿದ್ದೆ. ಅಬ್ಬಿ ಜಗಲಿಯಲ್ಲಿ ಕುಳಿತು ಎಲ್ಲ ನೋಡುತ್ತಿದ್ದಳು, ಏನೂ ಹೇಳುತ್ತಿರಲಿಲ್ಲ.

ಹೀಗೆ ಸುಮ್ಮನಿರುವುದರಲ್ಲಿ ಅವಳು ಪಳಗಿದವಳು. ತೊಂಬತ್ತೇಳರಲ್ಲಿ ನಾನು ಶಾಲೆಗೆ ಸೇರಿದ ಹೊಸದು. ಮಡಿಕೆ ಮುರಿಯದ ಕಾಟನ್ ಸೀರೆ ಉಟ್ಟು ಬಸ್ಸಿನ ಮುಂದಿನ ಸೀಟಿನಲ್ಲಿ ಕೂರುತ್ತಿದ್ದೆ. ಅಬ್ಬಿ ಹಿಂದಿನ ಬಾಗಿಲಿನಲ್ಲಿ ಹತ್ತುತ್ತಿದ್ದಳು. "ಹ್ವಾಯ್, ಬುಟ್ಟಿ ಒಳ್ಗ್ ಬ್ಯಾಡ, ಮೇಲ್ ಹಾಕಿ!" ಎಂದು ಕಂಡಕ್ಟರು ಬೊಬ್ಬೆ ಹೊಡೆದಾಗ ನಾನು ಕಿಟಕಿಯ ಹೊರಗೆ ಗದ್ದೆ ನೋಡುತ್ತಿದ್ದೆ. ಒಂದು ದಿನ ಹಿಂದೆ ಕಾಲಿಡಲೂ ಜಾಗವಿಲ್ಲದೆ ಅವಳು ಇಳಿಯಲು ಮುಂದಿನ ಬಾಗಿಲಿಗೆ ಬರಬೇಕಾಯಿತು. ನನ್ನ ಪಕ್ಕದಲ್ಲಿ ಶಾಲೆಯ ಹೆಡ್‌ಮಾಸ್ಟರು ಕುಳಿತಿದ್ದರು. ಅಬ್ಬಿ ನನ್ನ ಮುಖ ನೋಡದೆ, "ಟೀಚ್ರೇ, ಚೂರ್ ದಾರಿ ಬಿಡಿ," ಎಂದು ಹೇಳಿ ಇಳಿದುಹೋದಳು. ನನಗೆ ಆಗ ನಿಟ್ಟುಸಿರು ಬಂತು. ಅಂದು ಬಂದದ್ದು ನೆಮ್ಮದಿಯ ನಿಟ್ಟುಸಿರು ಎಂಬುದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಆಮೇಲೆ ತಿಂಗಳೊಳಗೆ ವಂಡ್ಸೆಗೆಲ್ಲ ಗೊತ್ತಾಯಿತು ಅನ್ನಿ. ಸಣ್ಣ ಊರಿನಲ್ಲಿ ಗುಟ್ಟು ಎಷ್ಟು ದಿನ ನಿಂತೀತು? ಯಾರೂ ಏನೂ ಅನ್ನಲಿಲ್ಲ. ಬಂಗುಡೆ ಕೊಳ್ಳುತ್ತಲೇ ಅಬ್ಬಿಯ ಹತ್ತಿರ ಮಕ್ಕಳ ಮಾರ್ಕಿನ ವಿಷಯ ಕೇಳುವವರೂ ಆದರು. ನನ್ನ ನಾಚಿಕೆ ಅಲ್ಲಿಗೆ ಮುಗಿಯಿತೆಂದು ನಾನು ತಿಳಿದಿದ್ದೆ.

ನಾಲ್ಕನೆಯ ಸಲ ಹೋಗಿ ಕೇಬಲ್ಲನ್ನೇ ಮತ್ತೆ ಬದಲಾಯಿಸಿದ ಮೇಲೂ ಗಾಲಿ ಹಿಡಿದಾಗ ಇಂಜಿನಿಯರು ಫೋನಿನಲ್ಲಿ, "ಇನ್ನು ನೀವು ಬರೋದು ಬೇಡ ಮೇಡಂ. ಸೋಮವಾರ ನಾನೇ ನಿಮ್ಮ ಮನೆಗೆ ಬರ್ತೀನಿ. ಕಾರು ಅಲ್ಲಾಡಿಸ್ಬೇಡಿ," ಎಂದರು. ಭಾನುವಾರ ಸಂಜೆ ಡಿಕ್ಕಿಯನ್ನು ಮೂರು ಸಲ ತಿಕ್ಕಿದೆ. ಅಬ್ಬಿಗೆ, "ನಾಳೆ ಒಂದಿನ..." ಎಂದು ಶುರು ಮಾಡಿದೆ.

"ನಾಳೆ ನಾನ್ ಬಸ್ಸಂಗೇ ಹೋತೆ. ನೀನ್ ತಲಿಬಿಸಿ ಮಾಡ್ಬ್ಯಾಡ," ಎಂದು ಅವಳೇ ಮುಗಿಸಿದಳು.

ಸೋಮವಾರ ಏಳು ಗಂಟೆಗೇ ಅವರು ಬೈಕಿನಲ್ಲಿ ಬಂದರು. ಕಾರು ಮರ್ಯಾದೆಯಿಂದ ಹಿಡಿದುಕೊಂಡೇ ಇತ್ತು. ಒಂದು ವರ್ಷದಿಂದ ನಾನು ಹೇಳುತ್ತಿದ್ದದ್ದು ಸುಳ್ಳಲ್ಲ ಎಂದು ತೋರಿಸಿಕೊಟ್ಟಿತು. ಅವರು ಜಾಕ್ ಹಾಕಿ ಗಾಲಿ ಬಿಚ್ಚಿದರು, ಕೇಬಲ್ಲು ನೋಡಿದರು, ತಲೆ ಕೆರೆದುಕೊಂಡರು. ಆಮೇಲೆ ಡಿಕ್ಕಿ ತೆರೆದು ಮ್ಯಾಟು ಎತ್ತಿದರು. ಅಷ್ಟರಲ್ಲಿ ಅಬ್ಬಿ ಬಂದರಿನಿಂದ ಬಂದಿದ್ದಳು. ಬುಟ್ಟಿಯನ್ನು ಗೇಟಿನ ಹೊರಗೆ ರಸ್ತೆಬದಿಯಲ್ಲೇ ಇಳಿಸಿ, ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಜಗಲಿಯ ತುದಿಯಲ್ಲಿ ಚಾ ಕುಡಿಯುತ್ತಾ ಕುಳಿತಿದ್ದಳು.

ಇಂಜಿನಿಯರು ಮ್ಯಾಟಿನ ಅಡಿಯಿಂದ ಬೆರಳ ತುದಿಯಲ್ಲಿ ಏನನ್ನೋ ಎತ್ತಿ ಬಿಸಿಲಿಗೆ ಹಿಡಿದರು. ಅದು ಬೆಳ್ಳಿಯಂತೆ ಹೊಳೆಯಿತು.

"ಏನ್ ಮೇಡಂ ಇದು?"

ಬೈಗೆ ಎಂಬ ಸಣ್ಣ ಮೀನಿನ ಮೈಮೇಲಿನ ಸಿಪ್ಪೆ. ನಮ್ಮ ಕಡೆ ಹುಟ್ಟಿದವರು ಯಾರಾದರೂ ಕಣ್ಣು ಮುಚ್ಚಿ ಹೇಳಿಯಾರು. ನನ್ನ ಬಾಯಿಂದ ಬಂದದ್ದೇ ಬೇರೆ.

"ಜರಿ. ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳ ಡ್ರೆಸ್ಸು ತಂದಿದ್ದೆ."

ಪಾಪ, ಅವರು ನಂಬಿದರು. ಚಾ ಲೋಟ ಕೆಳಗಿಟ್ಟ ಸದ್ದಾಯಿತು. ಅಬ್ಬಿ ಮೊಣಕಾಲು ಹಿಡಿದುಕೊಂಡು ಎದ್ದು ಅಂಗಳಕ್ಕೆ ಬಂದಳು.

"ಅದ್ ಜರಿ ಅಲ್ದ್ ಮಾರಾಯ್ರೆ, ಬೈಗಿ ಸಿಪ್ಪಿ. ನಾನ್ ಮೀನ್ ಮಾರು ಹೆಂಗ್ಸ್. ಇವ್ರ ಮನಿಗ್ ಮೀನ್ ಕೊಡುಕ್ ಬತ್ತೆ. ಟೀಚ್ರ್ ವಂಡ್ಸಿಗ್ ಹೋಪತಿಗೆ ಒಂದೊಂದ್ ಸಲ ನನ್ನ್ ಬುಟ್ಟಿಗ್ ಕಾರಂಗೆ ಜಾಗ ಕೊಡ್ತ್ರ್. ನೀರ್ ಬಿದ್ದದ್ ಅವ್ರಿಗ್ ಗೊತ್ತಿಲ್ಲೆ. ತಪ್ಪ್ ನಂದೇ."

ಇಷ್ಟನ್ನೂ ಅವಳು ನನ್ನ ಮುಖ ನೋಡದೆ ಹೇಳಿದಳು. ಅದೇ ಬಸ್ಸಿನ ದನಿ. ನಾನು ವಾರಂಟಿಗಾಗಿ ಬುಟ್ಟಿ ಅಡಗಿಸುತ್ತಿದ್ದೇನೆ ಎಂದು ನನ್ನನ್ನೇ ನಂಬಿಸಿಕೊಂಡಿದ್ದೆ. ಅವಳಿಗೆ ಬೇರೆ ಕಂಡಿತ್ತು. ಅವಳಿಗೆ ಕಂಡದ್ದೇ ನಿಜ. ಆ ಗಾಜಿನ ಬಾಗಿಲಿನ ಸರ್ವಿಸ್ ಸೆಂಟರಿನಲ್ಲಿ, ಎ.ಸಿ. ಗಾಳಿಯಲ್ಲಿ ಕುಳಿತು, ನಮ್ಮ ಕಾರಿನಲ್ಲಿ ಮೀನಿನ ಬುಟ್ಟಿ ಹೋಗುತ್ತದೆ ಎನ್ನಲು ನನಗೆ ನಾಚಿಕೆಯಾಗಿತ್ತು. ಅಷ್ಟೇ. ನನ್ನ ಬಗ್ಗೆ ನನಗೆ ಅಷ್ಟು ಅಸಹ್ಯ ಹಿಂದೆಂದೂ ಆಗಿರಲಿಲ್ಲ.

"ಅದ್ ನನ್ನ್ ಅಬ್ಬಿ," ಎಂದೆ.

ದಾವಣಗೆರೆಯವರಿಗೆ ಅರ್ಥವಾಗಲಿಲ್ಲ. ಎರಡನೆಯ ಸಲ ಹೇಳಬೇಕಾಯಿತು, ಅದು ಒಳ್ಳೆಯದೇ ಆಯಿತು.

"ನನ್ನ ತಾಯಿ. ನನ್ನನ್ನು ಹೆತ್ತವಳು. ಬುಟ್ಟಿ ಒಂದೊಂದು ಸಲ ಅಲ್ಲ, ದಿನಾ ಹೋಗ್ತದೆ. ನೀರು ಬೀಳೋದು ನನಗೆ ಗೊತ್ತಿತ್ತು. ನೋಟ್‌ಪುಸ್ತಕ ಅಂತ ನಾನೇ ಸುಳ್ಳು ಹೇಳಿದ್ದು."

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಮಾತ್ರ ಕಳೆದುಹೋದ ಕೀಲಿಕೈ ಸಿಕ್ಕಿದವರಂತೆ ಅರಳಿತು. "ನೀರಾ? ಉಪ್ಪುನೀರಾ? ಒಂದು ಚೊಂಬು ನೀರು ಕೊಡಿ ಅಮ್ಮಾ," ಎಂದರು. ಅಬ್ಬಿ ಬಾವಿಕಟ್ಟೆಯಿಂದ ತಂದ ನೀರನ್ನು ಡಿಕ್ಕಿಯ ತಗಡಿನ ಮೇಲೆ ಸುರಿದು, ತಾವು ನೆಲದ ಮೇಲೆ ಅಂಗಾತ ಮಲಗಿ ಕಾರಿನ ಅಡಿಯಿಂದ ನೋಡಿದರು. ನೀರು ಮೂಲೆಗೆ ಹರಿದು, ನಾಲ್ಕಾಣೆ ಪಾವಲಿಯಷ್ಟು ಅಗಲದ ಒಂದು ತೂತಿನಿಂದ ಇಳಿದು, ಸೀದಾ ಕೇಬಲ್ಲು ಗಾಲಿಯೊಳಗೆ ಹೋಗುವ ಜಾಗಕ್ಕೆ ಬಿತ್ತು.

"ಇಲ್ಲೊಂದು ರಬ್ಬರ್ ಬಿರಡೆ ಇರ್ಬೇಕಿತ್ತು. ಬಲಗಡೆ ಇದೆ ನೋಡಿ, ಎಡಗಡೆ ಹಾಕೋದನ್ನೇ ಮರ್ತಿದ್ದಾರೆ," ಎಂದು ಅವರು ಕೆಳಗಿನಿಂದಲೇ ಕೂಗಿದರು.

ನಾನು ಹೆದರುತ್ತಾ, "ವಾರಂಟಿ?" ಎಂದೆ.

"ಬಿರಡೆ ಹಾಕ್ದೆ ಕಳ್ಸಿದ್ದು ಕಂಪನಿ ಮೇಡಂ, ನಿಮ್ಮ ತಾಯಿ ಅಲ್ಲ. ಅದಿದ್ದಿದ್ರೆ ನೀರು ಮೇಲೇ ನಿಲ್ತಿತ್ತು, ಒರೆಸಿದ್ರೆ ಮುಗೀತು. ವಾರಂಟಿಗೇ ಬರೀತೀನಿ." ಎದ್ದು ಬೆನ್ನಿನ ಮಣ್ಣು ಕೊಡವಿಕೊಳ್ಳುತ್ತಾ, "ಮೊದಲ್ನೇ ದಿನಾನೇ ಮೀನು ಅಂದಿದ್ರೆ ಮೊದಲ್ನೇ ದಿನಾನೇ ಮ್ಯಾಟ್ ಎತ್ತಿರ್ತಿದ್ದೆ," ಎಂದರು.

ಒಂದು ವರ್ಷ ನಾನು ನಿಂಬೆಹಣ್ಣು ಹಾಕಿ ತಿಕ್ಕಿ ತಿಕ್ಕಿ ತೊಳೆದದ್ದು, ಕಾಯಿಲೆಯ ಒಂದೇ ಒಂದು ಕುರುಹನ್ನು. ತಿಕ್ಕಿದ ನೀರೂ ಅದೇ ತೂತಿನಿಂದ ಇಳಿದಿರಬೇಕು.

ಅವರು ಬೈಕಿನ ಡಬ್ಬದಲ್ಲಿ ಹುಡುಕಿ ಒಂದು ಬಿರಡೆ ಒತ್ತಿ ಕೂರಿಸಿದರು, ಕೇಬಲ್ಲು ಬದಲಾಯಿಸಿದರು. ಅವರು ಮೀನು ತಿನ್ನುವವರಲ್ಲ. ಅಬ್ಬಿ ಅವರಿಗೆ ನೀರುದೋಸೆಯನ್ನು ಬೆಲ್ಲ ಹಾಕಿದ ಕಾಯಿತುರಿಯ ಜೊತೆ ಕೊಟ್ಟಳು. ಹೊರಡುವಾಗ ಅವರು ಕಾರ್ಡು ತೆಗೆದು, ನೋಟ್‌ಪುಸ್ತಕ ಎಂದಿದ್ದಲ್ಲಿ ಗೀಟು ಹಾಕಿ, "ಏನಂತ ಬರೀಲಿ?" ಎಂದರು. "ಮೀನು ಅಂತಲೇ ಬರೀರಿ," ಎಂದೆ.

ಗೇಟಿನ ಹೊರಗಿನ ಬುಟ್ಟಿ ಕಾರಿಗೆ ಬಂತು. ಹೆಮ್ಮಾಡಿ ದಾಟಿದೆವು. ಆಮೇಲೆ ನಾನೇ ಕೇಳಿದೆ.

"ನೀನ್ ಎಂತಕ್ಕೆ ನಂಗ್ ಟೀಚ್ರ್ ಅಂದದ್?"

ಅಬ್ಬಿ ಕಿಟಕಿಯ ಹೊರಗೆ ನೋಡುತ್ತಾ, "ಅಭ್ಯಾಸ ಮಾರಾಯ್ತಿ," ಎಂದಳು. ಬೇಜಾರೇನೂ ಇರಲಿಲ್ಲ ಆ ದನಿಯಲ್ಲಿ. ಅದೇ ನನ್ನನ್ನು ಹೆಚ್ಚು ಅಳಿಸಿದ್ದು. ಕಣ್ಣು ಮಂಜಾಗಿ ಕಾರು ನಿಧಾನ ಮಾಡಿದೆ. ಅವಳು ರಸ್ತೆಯ ಮೇಲಿನ ಕೋಳಿಗೆ "ಹ್ವಾಯ್!" ಎಂದಳು.

ಮೀನಿನ ಬುಟ್ಟಿಯನ್ನು ಒಬ್ಬರೇ ತಲೆಗೇರಿಸಿಕೊಳ್ಳಲು ಆಗುವುದಿಲ್ಲ, ಆ ಕಡೆಯಿಂದ ಎತ್ತಿಕೊಡಲು ಇನ್ನೊಬ್ಬರು ಬೇಕು. ವಂಡ್ಸೆ ಪೇಟೆಯಲ್ಲಿ ಇಳಿದ ಮೇಲೆ ಪಕ್ಕದ ಅಂಗಡಿಯವರು ಬಂದು ಎತ್ತಿಕೊಡುತ್ತಿದ್ದರು. ಶಾಲೆಗೆ ಹೋಗುವ ಸೀರೆ ಎಂದು ನಾನು ಯಾವತ್ತೂ ಸೀಟು ಬಿಟ್ಟು ಇಳಿದವಳಲ್ಲ. ಅವತ್ತು ಇಳಿದೆ. ಬುಟ್ಟಿಯ ಒಂದು ಅಂಚು ಅವಳು ಹಿಡಿದಳು, ಇನ್ನೊಂದು ನಾನು. "ಸೀರಿ ಕಾಣ್, ಸೀರಿ ಕಾಣ್," ಎಂದು ಅವಳು ಹೇಳುತ್ತಿದ್ದ ಹಾಗೆಯೇ ತಣ್ಣನೆಯ ನೀರು ನನ್ನ ತೋಳಿನಿಂದ ಇಳಿದು ಸೆರಗು ಒದ್ದೆಯಾಯಿತು.

ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಕೂರುವ ಟೀಚರು ಮೂಗು ಅರಳಿಸಿದರು. "ಇವತ್ತ್ ಬೈಗಿಯಾ? ಸೋಮಾರ ಮಾರಾಯ್ರೆ, ಆಸೆ ಹುಟ್ಸ್‌ಬ್ಯಾಡಿ. ನಾಳೆಗ್ ಒಂದ್ ಕೇಜಿ ತೆಗ್ದಿಡುಕ್ ಹೇಳಿ."

"ನನ್ನ್ ಅಬ್ಬಿಗ್ ಹೇಳ್ತೆ," ಎಂದೆ.